ಗಾಳಿಯಲ್ಲಿ ಸ್ಪರ್ಶ: ಅಲ್ಟ್ರಾಸೌಂಡ್ ತಂತ್ರಜ್ಞಾನ

ಯಾವ ವಸ್ತುವನ್ನೂ ಮುಟ್ಟದೆಯೇ ಅಂಗೈಗೆ ಸ್ಪರ್ಶದ ಅನುಭವ ನೀಡುವ ತಂತ್ರಜ್ಞಾನವಿದು. 20,000 ಹರ್ಟ್ಸ್ ಮೀರಿದ ಶಬ್ದವಾದ ಅಲ್ಟ್ರಾಸೌಂಡ್ ನಮ್ಮ ಕಿವಿಗೆ ಕೇಳದು. ಆದರೂ ಅದಕ್ಕೆ ಒತ್ತುವ ಬಲವಿದೆ.

ಕೆಲಸ ಮಾಡುವ ಬಗೆ
ಹಲಗೆಯ ಮೇಲೆ ಸಾಲಾಗಿ ಜೋಡಿಸಿದ ಪುಟ್ಟ ಸ್ಪೀಕರ್‌ಗಳು ಸಾಮಾನ್ಯವಾಗಿ 40,000 ಹರ್ಟ್ಸ್‌ನ ಅಲೆಗಳನ್ನು ಹೊಮ್ಮಿಸುತ್ತವೆ. ಪ್ರತಿ ಅಲೆ ಹೊರಡುವ ಕ್ಷಣವನ್ನು ಕಂಪ್ಯೂಟರ್ ಹೊಂದಿಸುವುದರಿಂದ ಅವೆಲ್ಲ ಒಂದೇ ಬಿಂದುವಿನಲ್ಲಿ ಕೂಡಿ ಚರ್ಮವನ್ನು ನವಿರಾಗಿ ಒತ್ತುತ್ತವೆ. ಈ ಒತ್ತಡವನ್ನು ಸೆಕೆಂಡಿಗೆ ಸುಮಾರು 200 ಬಾರಿ ಏರಿಳಿಸಿದಾಗ ಚರ್ಮದೊಳಗಿನ ಕಂಪನಗ್ರಾಹಕಗಳು ಅದನ್ನು ಗುರುತಿಸುತ್ತವೆ.

ಬೆಳವಣಿಗೆ
2008ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಸಾಧನವನ್ನು ಪ್ರದರ್ಶಿಸಿದರು. 2013ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ ಏಕಕಾಲಕ್ಕೆ ಹಲವು ಬಿಂದುಗಳಲ್ಲಿ ಸ್ಪರ್ಶ ಮೂಡಿಸಿತು. ಕಾರಿನೊಳಗಿನ ಉಪಕರಣಗಳನ್ನೂ ಸಾರ್ವಜನಿಕ ಪರದೆಗಳನ್ನೂ ಮುಟ್ಟದೆ ನಿಯಂತ್ರಿಸಲು ಇದನ್ನು ಪ್ರಯೋಗಿಸಲಾಗಿದೆ.