ವಂಗಲ–ದಲೇನ ಮರುಅಧ್ಯಯನ

ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ಮನೆಮನೆಯ ಜೀವನೋಪಾಯ ಕಾಲಕ್ರಮದಲ್ಲಿ ಬದಲಾದ ಬಗೆಯನ್ನು ಗುರುತಿಸಿದ ಸಂಶೋಧನೆ. ವಿಯೆನ್ನಾದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ (1922–2014) 1954–56ರಲ್ಲಿ ಇದನ್ನು ಕೈಗೊಂಡರು. 1970ರಲ್ಲಿ ಮರಳಿ ಬಂದು ಅವೇ ಊರುಗಳನ್ನು ಮತ್ತೆ ಪರಿಶೀಲಿಸಿದರು. ವಂಗಲ, ದಲೇನ ಎಂಬುವು ಅವರ ಗ್ರಂಥಗಳಲ್ಲಿ ಬಳಕೆಯಾದ ಹೆಸರುಗಳು.

ಕೃಷ್ಣರಾಜಸಾಗರದ ವಿಶ್ವೇಶ್ವರಯ್ಯ ನಾಲೆಯ ನೀರು ವಂಗಲಕ್ಕೆ ಹರಿಯಿತು. ದಲೇನ ನಾಲೆಗಿಂತ ಎತ್ತರದಲ್ಲಿದ್ದುದರಿಂದ ಅದರ ಜಮೀನು ಬಹುಪಾಲು ಖುಷ್ಕಿಯಾಗಿಯೇ ಉಳಿಯಿತು. ನೀರು ಕಂಡ ಊರೇ ಹೆಚ್ಚು ಬದಲಾಗಿರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದದ್ದು ಬೇರೆ. ವಂಗಲದವರು ಕಬ್ಬು, ಭತ್ತ ಬೆಳೆದು ಅನುಕೂಲಸ್ಥರಾದರೂ ಬೇಸಾಯವನ್ನು ಬಿಡಲಿಲ್ಲ, ಊರಿನ ಹಳೆಯ ಸಂಬಂಧಗಳನ್ನೂ ಬಿಡಲಿಲ್ಲ. ದಲೇನದವರು ಮಂಡ್ಯದ ಸಕ್ಕರೆ ಕಾರ್ಖಾನೆಯ ಕೆಲಸ, ಗಾಡಿ ಬಾಡಿಗೆ, ಗುತ್ತಿಗೆ, ವ್ಯಾಪಾರ ಎಂದು ಊರಾಚೆ ಹೊರಟರು. ಕೆಲವರು ನೀರಾವರಿಯ ಪಕ್ಕದೂರುಗಳಲ್ಲಿ ಗದ್ದೆ ಕೊಂಡರು. ಊರಿನ ಹಳೆಯ ಕಟ್ಟು ಸಡಿಲಿದ್ದು ಇಲ್ಲಿ.

ಈ ವ್ಯತ್ಯಾಸದ ಮರ್ಮ ಸುಗ್ಗಿಯ ಕಣದಲ್ಲಿತ್ತು. ಒಕ್ಕಲಿಗ ಮನೆತನಕ್ಕೆ ವಂಶಪಾರಂಪರ್ಯವಾಗಿ ದುಡಿಯುತ್ತಿದ್ದ ಆದಿಕರ್ನಾಟಕ ಕುಟುಂಬಕ್ಕೆ ವರ್ಷಕ್ಕೆ ಇಷ್ಟು ಧಾನ್ಯವೆಂದು ನಿಗದಿಯಾಗಿತ್ತು. ಮಳೆ ಕೈಕೊಟ್ಟ ವರ್ಷವೂ ಆ ಪಾಲು ತಪ್ಪುತ್ತಿರಲಿಲ್ಲ, ಹುಲುಸಾಗಿ ಬೆಳೆದ ವರ್ಷ ಅದು ಹೆಚ್ಚುತ್ತಲೂ ಇರಲಿಲ್ಲ. ಹೆಚ್ಚುವರಿಯೆಲ್ಲ ಜಮೀನುದಾರನಿಗೆ, ಬರಗಾಲದ ಭರವಸೆ ಆಳಿಗೆ. ವಂಗಲದ ಗದ್ದೆಗಳಿಗೆ ಆಳು ಬೇಕೇ ಇದ್ದುದರಿಂದ ಈ ಕರಾರು ಉಳಿಯಿತು. ದಲೇನದಲ್ಲಿ ಅದಕ್ಕೆ ಆಧಾರವೇ ಇಲ್ಲದೆ ಕಳಚಿತು. ಆದಾಯದ ಅಂಕಿಗಳನ್ನಷ್ಟೇ ಬರೆದುಕೊಂಡು ಹೋಗುವ ಸಮೀಕ್ಷೆಗೆ ಇಂಥದ್ದು ಸಿಗುವುದಿಲ್ಲ. ಊರಲ್ಲೇ ಉಳಿದು ನೋಡಿದ್ದೇ ಈ ಕೆಲಸದ ದೊಡ್ಡ ಬಲ.

1970ರ ಭೇಟಿಯಲ್ಲಿ ಕಂಡದ್ದು ನೋವಿನ ಸಂಗತಿ: ಉಳ್ಳವರು ಮೇಲೇರಿದ್ದರು, ಬಡವರ ಸ್ಥಿತಿ ಇನ್ನಷ್ಟು ಕುಸಿದಿತ್ತು. ಇದರ ಫಲಿತಾಂಶ 1973ರಲ್ಲಿ ಗ್ರಂಥರೂಪದಲ್ಲಿ ಹೊರಬಂತು. ಈ ಅಧ್ಯಯನದಲ್ಲಿ ನೆರವಾದ ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ, ಇದೇ ಊರುಗಳ ಬಗ್ಗೆ 1998ರಲ್ಲಿ ಬಂದ ಇನ್ನೊಂದು ಗ್ರಂಥಕ್ಕೆ ಸಹಲೇಖಕರಾದರು. ಇಂಥ ದೀರ್ಘ ಅಧ್ಯಯನಕ್ಕೆ ಸ್ಥಳೀಯರ ನೆರವು ಎಷ್ಟು ಮುಖ್ಯವೆಂಬುದು ಇದರಿಂದಲೇ ತಿಳಿಯುತ್ತದೆ.

ಮರುಅಧ್ಯಯನದಲ್ಲಿ ಅತಿ ಕಷ್ಟದ ಕೆಲಸವೆಂದರೆ 'ಅದೇ ಮನೆ'ಯನ್ನು ಹುಡುಕುವುದು. ಅಣ್ಣತಮ್ಮಂದಿರು ಪಾಲಾಗಿ ಒಂದು ಒಲೆ ಮೂರಾಗಿರುತ್ತದೆ, ಹೆಣ್ಣುಮಕ್ಕಳು ಬೇರೆ ಊರು ಸೇರಿರುತ್ತಾರೆ, ಎಲ್ಲವನ್ನೂ ಮಾರಿ ವಲಸೆ ಹೋದವರು ಲೆಕ್ಕದಿಂದಲೇ ಜಾರಿರುತ್ತಾರೆ. ಈ ತೊಡಕು ಬೇರೆ ಅಧ್ಯಯನಗಳಲ್ಲೂ ಇತ್ತು. 1975ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಅಂದಿನ ಆಂಧ್ರ, ಮಹಾರಾಷ್ಟ್ರಗಳ ಆರು ಹಳ್ಳಿಗಳಲ್ಲಿ ತಲಾ 40 ಕುಟುಂಬಗಳನ್ನು ಆರಿಸಿ, ಊರಲ್ಲೇ ವಾಸವಿರುವ ಗಣತಿದಾರರಿಂದ ನಿಯತವಾಗಿ ಲೆಕ್ಕ ಬರೆಸಲು ತೊಡಗಿತು. ಆ ಅಧ್ಯಯನವನ್ನು 2001ರಲ್ಲಿ ಮತ್ತೆ ಕೈಗೆತ್ತಿಕೊಂಡಾಗ, ಒಡೆದು ಬೇರೆಯಾದ ಮನೆಗಳನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಇದೇ ಪ್ರಶ್ನೆ ಅಲ್ಲಿಯೂ ಎದುರಾಯಿತು.