ಸನದು ಇಲ್ಲದ ಬರಹ

ಬಿ.ಎಡ್. ಓದುವಾಗ ನಾನೊಂದು ಕಳ್ಳತನ ಮಾಡಿದ್ದೆ. ಅದಕ್ಕೆ ಶಿಕ್ಷೆ ಆಗಲಿಲ್ಲ, ಬಹುಮಾನ ಬಂತು. ಒಂದು ಪ್ರಮಾಣಪತ್ರ, ಒಂದು ಸ್ಟೀಲ್ ಡಬ್ಬಿ. ಡಬ್ಬಿ ಈಗಲೂ ನಮ್ಮ ಅಡುಗೆಮನೆಯಲ್ಲಿದೆ, ಅದರಲ್ಲಿ ತೊಗರಿಬೇಳೆ ಇಡುತ್ತೇವೆ.

ನಡೆದದ್ದು ಇಷ್ಟು. ಕಾಲೇಜಿನಲ್ಲಿ ಮಧ್ಯಯುಗದ ವಿಜ್ಞಾನಿಗಳ ಬಗ್ಗೆ ಪ್ರಬಂಧ ಮಂಡಿಸಬೇಕಿತ್ತು. ನನ್ನ ಪಾಲಿಗೆ ಬಂದದ್ದು ವೈದ್ಯ ಅಬೂಬಕರ್ ರಾಝಿ. ಮನೆಯಲ್ಲಿ ಅಜ್ಜನ ತಗಡಿನ ಟ್ರಂಕಿನ ತುಂಬ ಹಳೆಯ ಉರ್ದು ಮಾಸಪತ್ರಿಕೆಗಳಿದ್ದವು. ಹುಡುಕಿದರೆ ಒಂದರಲ್ಲಿ ರಾಝಿ ಮೇಲೆಯೇ ಲೇಖನ! ಎರಡು ರಾತ್ರಿ ಕೂತು ಅದನ್ನು ಕನ್ನಡಕ್ಕೆ ಇಳಿಸಿದೆ. ಶುರುವಿನಲ್ಲಿ ಎರಡು ವಾಕ್ಯ, ಕೊನೆಯಲ್ಲಿ ಎರಡು ವಾಕ್ಯ ನನ್ನವು. ಕೆಳಗೆ ನನ್ನ ಹೆಸರು. ಕಾಲೇಜಿನಲ್ಲಿ ಕನ್ನಡ ಓದುವವರಿಗೆ ಉರ್ದು ಬಾರದು, ಮನೆಯಲ್ಲಿ ಉರ್ದು ಓದುವವರಿಗೆ ಕನ್ನಡ ಪ್ರಬಂಧದ ಉಸಾಬರಿ ಬೇಡ. ಎರಡು ಭಾಷೆ ಬಲ್ಲವರ ಕಳ್ಳತನ ಹಿಡಿಯೋರು ಯಾರು ಹೇಳಿ?

ಪ್ರಬಂಧ ಓದಿ ಮುಗಿಸಿದಾಗ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಎದ್ದು ಒಂದೇ ಪ್ರಶ್ನೆ ಕೇಳಿದರು. "ರಾಝಿಯ ತಲೆಗೆ ಅವನದೇ ಪುಸ್ತಕದಿಂದ ಹೊಡೆಯಲು ಅಮೀರ ಆಜ್ಞೆ ಮಾಡಿದ, ಅದರಿಂದಲೇ ಕಣ್ಣು ಹೋಯಿತು ಅಂದಿರಲ್ಲ, ಅದು ಎಲ್ಲಿದೆ?" ನಾನು "ಹಲವು ಪುಸ್ತಕಗಳಲ್ಲಿ ಇದೆ ಸರ್" ಅಂದೆ. "ಒಂದರ ಹೆಸರು ಹೇಳಿ" ಅಂದರು. ನನ್ನ ಬಾಯಿ ಕಟ್ಟಿಹೋಯಿತು. ಪತ್ರಿಕೆಯ ಹೆಸರು ಹೇಳಿದರೆ ಪ್ರಬಂಧವೇ ಅಲ್ಲಿಯದು ಅಂತ ಗೊತ್ತಾಗುತ್ತೆ, ಹೇಳದಿದ್ದರೆ ಉತ್ತರವಿಲ್ಲ. ಅವರು ಒತ್ತಾಯ ಮಾಡಲಿಲ್ಲ. ತಮ್ಮ ಪುಟ್ಟ ಡೈರಿಯಲ್ಲಿ ಏನೋ ಬರೆದುಕೊಂಡು ಕೂತರು.

ಆ ಪ್ರಶ್ನೆ ನನ್ನನ್ನು ಎಷ್ಟೋ ವರ್ಷ ಬಿಡಲಿಲ್ಲ. ಶಿಕ್ಷಕ ವೃತ್ತಿಗೆ ಸೇರಿ, ಪುಣೆಗೆ ಬಂದು, ಸ್ವಲ್ಪ ಗಂಭೀರವಾಗಿ ಓದಲು ಶುರು ಮಾಡಿದ ಮೇಲೆ ಉತ್ತರ ಹುಡುಕಿದೆ. ಪುಸ್ತಕದಿಂದ ಹೊಡೆಸಿದ ಕಥೆ ಹಳೆಯ ಜೀವನಚರಿತ್ರೆಗಳಲ್ಲಿ ಓಡಾಡುವುದು ನಿಜ. ಆದರೆ ರಾಝಿ ತೀರಿಕೊಂಡು (925) ಸುಮಾರು ನೂರು ವರ್ಷದ ನಂತರ ಅಲ್‌ಬಿರೂನಿ ಅವರ ಕೃತಿಗಳ ಒಂದು ಪಟ್ಟಿ ಮಾಡಿದ. 184 ಕೃತಿಗಳ ಹೆಸರು ಅದರಲ್ಲಿದೆ. ಅಲ್ಲಿ ಬಿರೂನಿ ಹೇಳುವ ಕಾರಣವೇ ಬೇರೆ. ರಾಝಿ ರಾತ್ರಿ ಗೋಡೆಯ ಗೂಡಿನಲ್ಲಿ ದೀಪ ಇಟ್ಟು, ಪುಸ್ತಕವನ್ನು ಗೋಡೆಗೆ ಒರಗಿಸಿ ಹಿಡಿದು ಓದುತ್ತಿದ್ದರಂತೆ. ನಿದ್ದೆ ಬಂದರೆ ಪುಸ್ತಕ ಕೈಜಾರಿ ಬೀಳಬೇಕು, ಎಚ್ಚರ ಆಗಬೇಕು ಅಂತ. ಹಾಗೆ ಓದಿ ಓದಿ ದೃಷ್ಟಿ ಕೆಟ್ಟಿತು ಅನ್ನುತ್ತಾನೆ ಬಿರೂನಿ. ಮೇಷ್ಟ್ರು ಕೇಳಿದ್ದು ಇದನ್ನೇ ಇರಬೇಕು. ನಾನು ಕದ್ದದ್ದು ಬರೀ ವಾಕ್ಯಗಳನ್ನಲ್ಲ. ಪರೀಕ್ಷೆ ಮಾಡದ ಒಂದು ಕಥೆಯನ್ನೂ ಸೇರಿಸಿ ಕದ್ದು ಅದಕ್ಕೆ ನನ್ನ ಮೊಹರು ಒತ್ತಿದ್ದೆ.

ಇನ್ನೂ ನಾಚಿಕೆ ಆದದ್ದು ಮುಂದೆ. ನಾನು ಯಾರ ಬಗ್ಗೆ ಕದ್ದು ಬರೆದೆನೋ ಆ ರಾಝಿ ಸ್ವತಃ ಹೇಗೆ ಬರೆಯುತ್ತಿದ್ದರು ಗೊತ್ತಾ? ಅವರ 'ಅಲ್‌ಹಾವಿ' ಅವರು ಬದುಕಿದ್ದಾಗ ಪುಸ್ತಕವೇ ಆಗಿರಲಿಲ್ಲ. ಅದು ಒಬ್ಬ ವೈದ್ಯನ ಜೀವಮಾನದ ಟಿಪ್ಪಣಿ. ಅವರು ತೀರಿದ ಮೇಲೆ ಬೇರೆಯವರು ಜೋಡಿಸಿದ್ದು. ಅದರಲ್ಲಿ ಒಂದೊಂದು ಕಾಯಿಲೆಗೂ ಯಾರು ಯಾರು ಏನು ಹೇಳಿದ್ದಾರೆ ಅಂತ ಹೆಸರು ಹಾಕಿ ಬರೆದಿದ್ದಾರೆ. ಇದು ಗ್ಯಾಲೆನ್ ಹೇಳಿದ್ದು, ಇದು ರೂಫಸ್ ಹೇಳಿದ್ದು, ಹೀಗೆ. ತಮ್ಮ ಸ್ವಂತ ಮಾತು ಬಂದಾಗ ಮೊದಲಿಗೆ ಒಂದು ಪುಟ್ಟ ಅರಬಿ ಪದ: 'ಲೀ'. ಅಂದರೆ 'ನನ್ನದು'. ಯಾರೂ ನೋಡದ ಸ್ವಂತ ನೋಟ್‌ಬುಕ್ಕಿನಲ್ಲಿ, ತನಗೆ ತಾನೇ, ಇದು ಅವರದು ಇದು ನನ್ನದು ಅಂತ ಗೆರೆ ಎಳೆದುಕೊಂಡ ಮನುಷ್ಯ! ಎಫೆಸಸಿನ ರೂಫಸ್ ಅನ್ನುವ ಗ್ರೀಕ್ ವೈದ್ಯನ ಎಷ್ಟೋ ಕೃತಿಗಳು ಮೂಲದಲ್ಲಿ ಕಳೆದುಹೋಗಿವೆ. ಅವುಗಳ ತುಣುಕುಗಳು ಇವತ್ತು ಸಿಗುವುದು ರಾಝಿ ಹೆಸರು ಹಾಕಿ ಬರೆದಿಟ್ಟಿದ್ದರಿಂದ. ಹೈದರಾಬಾದಿನಲ್ಲಿರುವ ಓದುಗರಿಗೆ ಇನ್ನೊಂದು ಮಾತು. ಈ 'ಅಲ್‌ಹಾವಿ'ಯ ಅರಬಿ ಮೂಲ 1955ರಿಂದ 23 ಸಂಪುಟಗಳಲ್ಲಿ ಅಚ್ಚಾದದ್ದು ನಿಮ್ಮೂರಿನ ದಾಯಿರತುಲ್ ಮಆರಿಫ್ ಸಂಸ್ಥೆಯಿಂದಲೇ.

ರಾಝಿಯ ನಂತರದ ತಲೆಮಾರಿನಲ್ಲಿ ಅಲಿ ಇಬ್ನ್ ಅಬ್ಬಾಸ್ ಅಲ್‌ಮಜೂಸಿ ಎಂಬ ವೈದ್ಯರು ಬಂದರು. ಬುವಾಯಿಹಿ ದೊರೆ ಅಝುದುದ್ದೌಲಾನಿಗೆ ಅರ್ಪಿಸಿ ದೊಡ್ಡ ವೈದ್ಯಗ್ರಂಥ ಬರೆದರು. 'ಕಿತಾಬುಲ್ ಮಲಿಕಿ', ರಾಜಗ್ರಂಥ ಅಂತ ಅದರ ಹೆಸರು. ತತ್ವಕ್ಕೆ 10 ಭಾಗ, ಚಿಕಿತ್ಸೆಗೆ 10 ಭಾಗ. ಮುನ್ನುಡಿಯಲ್ಲಿ ಅವರು ತಮಗಿಂತ ಹಿಂದಿನವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ನೆನೆಯುತ್ತಾರೆ: ಹಿಪ್ಪೊಕ್ರಟಿಸ್, ಗ್ಯಾಲೆನ್, ಕೊನೆಗೆ ರಾಝಿ. ಹೊಗಳಿಕೆ ಮಾತ್ರ ಇಲ್ಲ, ತಕರಾರೂ ಇದೆ. ಹಿಪ್ಪೊಕ್ರಟಿಸನದು ಅತಿ ಚುಟುಕು, ಗ್ಯಾಲೆನನದು ಅತಿ ಉದ್ದ. ರಾಝಿಯ 'ಹಾವಿ' ಎಷ್ಟು ದೊಡ್ಡದೆಂದರೆ ಅದರ ಪ್ರತಿ ಇರುವ ಇಬ್ಬರೇ ತಮಗೆ ಗೊತ್ತು ಅನ್ನುತ್ತಾರೆ. ಹೆಸರು ಹೇಳಿದ್ದರಿಂದಲೇ ಜಗಳ ಆಡಲೂ ಸಾಧ್ಯ ಆಯಿತು ನೋಡಿ.

ಇಂಥ ಮಜೂಸಿಯ ಹೆಸರೇ ಕಾಣೆಯಾದದ್ದು ಹೇಗೆ ಅನ್ನುವುದಕ್ಕೆ ನಾವು ಇಟಲಿಗೆ ಹೋಗಬೇಕು. 11ನೇ ಶತಮಾನದ ಕೊನೆಯ ಭಾಗ. ಉತ್ತರ ಆಫ್ರಿಕಾದಿಂದ ಕಾನ್‌ಸ್ಟಂಟೈನ್ ಎಂಬೊಬ್ಬರು ಇಟಲಿಗೆ ಬಂದರು. ಚರಿತ್ರೆ ಅವರನ್ನು 'ಆಫ್ರಿಕದ ಕಾನ್‌ಸ್ಟಂಟೈನ್' ಅಂತಲೇ ಕರೆಯುತ್ತದೆ. ಮೊಂಟೆ ಕಸ್ಸೀನೊ ಎಂಬ ಬೆಟ್ಟದ ಮಠದಲ್ಲಿ ಸನ್ಯಾಸಿಯಾಗಿ ನೆಲೆನಿಂತು ಅರಬಿ ವೈದ್ಯಗ್ರಂಥಗಳನ್ನು ಲ್ಯಾಟಿನ್ನಿಗೆ ತಂದರು. ಅವರಿಗೂ ಎರಡು ಭಾಷೆ ಬರುತ್ತಿತ್ತು, ಸುತ್ತಲಿನವರಿಗೆ ಒಂದೇ. ಮಜೂಸಿಯ ಗ್ರಂಥ 'ಪಂತೆಗ್ನಿ' ಅನ್ನುವ ಹೊಸ ಹೆಸರಿನಲ್ಲಿ, ಮಠದ ಮುಖ್ಯಸ್ಥ ಡೆಸಿಡೆರಿಯಸನಿಗೆ ಅರ್ಪಣೆಯಾಗಿ ಹೊರಬಂತು. ಮಜೂಸಿ ಹೆಸರು ಎಲ್ಲೂ ಇಲ್ಲ. ಕೈರವಾನಿನ ಇಬ್ನುಲ್ ಜಝ್ಝಾರ್ ಬರೆದ 'ಝಾದುಲ್ ಮುಸಾಫಿರ್' (ಪ್ರಯಾಣಿಕನ ಬುತ್ತಿ) ಎಂಬ ಪುಸ್ತಕಕ್ಕೂ ಇದೇ ಗತಿ. ಹುನೈನ್ ಇಬ್ನ್ ಇಸ್‌ಹಾಕರ ಕಣ್ಣಿನ ವೈದ್ಯದ ಗ್ರಂಥ ಯುರೋಪಿನಲ್ಲಿ ಕಾನ್‌ಸ್ಟಂಟೈನರ ಪುಸ್ತಕವಾಗಿಯೇ ಓಡಾಡಿತು.

ಕಾನ್‌ಸ್ಟಂಟೈನರನ್ನು ಬರೀ ಕಳ್ಳ ಅಂದು ಮುಗಿಸಿದರೆ ಅನ್ಯಾಯ ಆಗುತ್ತೆ. ಸಲೆರ್ನೊದ ವೈದ್ಯಶಾಲೆಗೆ, ಅಲ್ಲಿಂದ ಯುರೋಪಿನ ವೈದ್ಯಶಿಕ್ಷಣಕ್ಕೆ ಜೀವ ತುಂಬಿದ ಪುಸ್ತಕಗಳಲ್ಲಿ ಅವರ ಅನುವಾದಗಳು ಮುಖ್ಯ. ತಮ್ಮನ್ನು ಅವರು 'ಹಲವು ಪುಸ್ತಕಗಳಿಂದ ಸಂಗ್ರಹಿಸಿದವನು' ಅಂತ ಹೇಳಿಕೊಂಡಿದ್ದಾರೆ. ಆ ಕಾಲದಲ್ಲಿ ಅನುವಾದಕ, ಸಂಗ್ರಹಕಾರ, ಲೇಖಕ ಇವರ ನಡುವಿನ ಗೆರೆ ಇವತ್ತಿನಷ್ಟು ದಪ್ಪ ಇರಲಿಲ್ಲ ಅಂತ ವಾದಿಸುವ ವಿದ್ವಾಂಸರೂ ಇದ್ದಾರೆ. ಇರಬಹುದು. ಆದರೆ 'ಹಲವು ಪುಸ್ತಕಗಳಿಂದ' ಎಂಬ ಮಾತು ಕೇಳಿದಾಗ ನನಗೆ "ಹಲವು ಪುಸ್ತಕಗಳಲ್ಲಿ ಇದೆ ಸರ್" ನೆನಪಾಗುತ್ತೆ. ಒಂದರ ಹೆಸರು ಹೇಳಿ ಅಂದರೆ?

ಕಾಲದ ನೆಪವನ್ನು ನಾನು ಪೂರ್ತಿ ಒಪ್ಪದಿರಲು ಇನ್ನೊಂದು ಕಾರಣ ಇದೆ. ಸುಮಾರು ಅರ್ಧ ಶತಮಾನದೊಳಗೇ ಅದನ್ನು ತಪ್ಪು ಅಂದವರು ಹುಟ್ಟಿದರು. ಪೀಸಾ ಊರಿನ ಸ್ಟೀಫನ್ ಎಂಬವರು ಸಿರಿಯಾ ಕಡೆಯ ಅಂತಿಯೋಕ್ ಪಟ್ಟಣದಲ್ಲಿ ಅರಬಿ ಕಲಿತಿದ್ದರು. ಮೂಲ 'ಮಲಿಕಿ' ಅವರ ಕೈಗೆ ಬಂತು. ಓದಿದರೆ ಇದು ತಾವು ಬಲ್ಲ 'ಪಂತೆಗ್ನಿ'ಯೇ! ಆದರೆ ಅದರಲ್ಲಿ ಭಾಗಗಳು ಬಿಟ್ಟಿವೆ, ಕ್ರಮ ಬದಲಾಗಿದೆ, ಬರೆದವನ ಹೆಸರು ಅಳಿಸಿದೆ. ಸಿಟ್ಟಿಗೆದ್ದ ಸ್ಟೀಫನ್ 1127ರಲ್ಲಿ ಇಡೀ ಗ್ರಂಥವನ್ನು ಮತ್ತೆ ಲ್ಯಾಟಿನ್ನಿಗೆ ತಂದು, ಮಜೂಸಿಯ ಹೆಸರನ್ನು ಅದರ ಜಾಗದಲ್ಲಿ ಇಟ್ಟರು. ಕಾನ್‌ಸ್ಟಂಟೈನ್ ಮಾಡಿದ್ದನ್ನು ಬಿಚ್ಚಿ ಬರೆದರು. ಯುರೋಪು ಮಜೂಸಿಯನ್ನು 'ಹಾಲಿ ಅಬ್ಬಾಸ್' ಅಂತ ಗುರುತಿಸಿತು. ಒಬ್ಬ ಮುಸ್ಲಿಂ ನಾಡಿನ ವೈದ್ಯರಿಗೆ ಒಬ್ಬ ಲ್ಯಾಟಿನ್ ಕ್ರೈಸ್ತರು ನ್ಯಾಯ ಕೊಡಿಸಿದರು, ಅದೂ ಕ್ರುಸೇಡ್ ಯುದ್ಧಗಳ ಕಾಲದಲ್ಲಿ. 'ನಮ್ಮ ವಿಜ್ಞಾನವನ್ನೆಲ್ಲ ಯುರೋಪು ಕದ್ದಿತು' ಅಂತ ಭಾಷಣ ಮಾಡುವ ನಮ್ಮವರು ಸ್ಟೀಫನ್ ಹೆಸರನ್ನು ಹೇಳುವುದೇ ಇಲ್ಲ. ಅದೂ ಒಂದು ಬಗೆಯ ಮೂಲ ಮರೆಸುವಿಕೆ ಅಲ್ವಾ?

ಈಗ ಸನದಿನ ಮಾತಿಗೆ ಬರುತ್ತೇನೆ. ಕನ್ನಡದಲ್ಲಿ 'ಸನದು' ಅಂದರೆ ನಿಮಗೆ ಗೊತ್ತು: ಇನಾಂ ಜಮೀನಿನ ಸನದು, ವಕೀಲರ ಸನದು. ಹಕ್ಕು ಎಲ್ಲಿಂದ ಬಂತು ಅಂತ ತೋರಿಸುವ ಕಾಗದ. ಮೂಲ ಅರಬಿಯಲ್ಲಿ ಆ ಪದಕ್ಕೆ ಒರಗುವ ಆಸರೆ ಎಂಬ ಅರ್ಥ. ಹದೀಸ್ ವಿದ್ವಾಂಸರ 'ಇಸ್ನಾದ್' ಅದೇ ಧಾತುವಿನಿಂದ ಬಂದದ್ದು. ನನಗೆ ಇಂಥವರು ಹೇಳಿದರು, ಅವರಿಗೆ ಇಂಥವರು ಹೇಳಿದರು ಅನ್ನುವ ಸರಪಳಿ. ಇದು ಧರ್ಮಗ್ರಂಥಗಳಲ್ಲೇ ನಿಲ್ಲಲಿಲ್ಲ. ರಾಝಿಯ ಸಮಕಾಲೀನ ತಬರಿ (ಮರಣ 923) ತಮ್ಮ ದೊಡ್ಡ ಚರಿತ್ರೆಯನ್ನು ಇದೇ ಕ್ರಮದಲ್ಲಿ ಬರೆದರು. ನಿಮಗೆ ನಂಬಲಾಗದ ಸಂಗತಿ ಇದರಲ್ಲಿ ಸಿಕ್ಕರೆ ಅದು ನನ್ನಿಂದ ಹುಟ್ಟಿದ್ದಲ್ಲ, ನನಗೆ ಹೇಳಿದವರಿಂದ ಬಂದದ್ದು ಅಂತ ಮೊದಲೇ ಓದುಗರಿಗೆ ತಿಳಿಸಿದರು. ಅಂದರೆ ಹೋಗಿ ಅವರನ್ನು ವಿಚಾರಿಸಿ ಅಂತ ದಾರಿ ಬಿಟ್ಟುಕೊಟ್ಟರು. ಇನ್ನು ಮಸ್ಊದಿ ಎಂಬ ಚರಿತ್ರಕಾರರು ತಮ್ಮ ಪುಸ್ತಕವನ್ನು ತಿರುಚುವವರಿಗೆ, ಬೇರೆಯವರ ಹೆಸರಿಗೆ ಹಚ್ಚುವವರಿಗೆ ಶಾಪವನ್ನೇ ಹಾಕಿದ್ದಾರೆ. ತರಗತಿಯಲ್ಲಿ ನಮಗೆ ಆ ಸೌಲಭ್ಯ ಇಲ್ಲ.

ನಮ್ಮ ಕನ್ನಡ ನೆಲದಲ್ಲೂ ಇದಕ್ಕೆ ಸಾಕ್ಷಿ ಬೇಕಾದಷ್ಟಿದೆ. ರಾಝಿ ಹುಟ್ಟಿದ ಆಸುಪಾಸಿನಲ್ಲೇ, ಸುಮಾರು 850ರಲ್ಲಿ, ಮಳಖೇಡದ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಸಿದ್ಧವಾಯಿತು. ಅದರಲ್ಲಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಅಂತ ಹಿಂದಿನ ಗದ್ಯಕಾರರ ಹೆಸರುಗಳು ಬರುತ್ತವೆ. ಅವರು ಬರೆದ ಕನ್ನಡ ಗದ್ಯ ಇವತ್ತು ನಮ್ಮ ಕೈಗೆ ಸಿಕ್ಕಿಲ್ಲ. ಅದಕ್ಕೂ ಮೊದಲು ಕನ್ನಡದಲ್ಲಿ ಬರೆದವರಿದ್ದರು ಅನ್ನುವುದಕ್ಕೆ ನಾವು ಆ ಸಾಲುಗಳನ್ನೇ ಹಿಡಿದುಕೊಂಡಿದ್ದೇವೆ. ವಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಚರಿತ್ರೆ ಬರೆದ ಫಿರಿಶ್ತಾ ಕೂಡ ತಾನು ಬಳಸಿದ 30ಕ್ಕೂ ಹೆಚ್ಚು ಗ್ರಂಥಗಳ ಪಟ್ಟಿ ಪೀಠಿಕೆಯಲ್ಲೇ ಕೊಟ್ಟಿದ್ದಾನೆ.

ಇವತ್ತಿನ ವಿದ್ಯಾರ್ಥಿಗಳಿಗೆ ಕಾನೂನೇ ಇದೆ. ಯುಜಿಸಿ 2018ರ ನಿಯಮದ ಪ್ರಕಾರ ಸಂಶೋಧನಾ ಪ್ರಬಂಧದಲ್ಲಿ ಬೇರೆಡೆಯ ಬರಹದೊಂದಿಗಿನ ಹೋಲಿಕೆ ಶೇ. 10ರ ಒಳಗಿದ್ದರೆ ದಂಡನೆ ಇಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಹೋಲಿಕೆ ಪತ್ತೆಗೆ ಸಾಫ್ಟ್‌ವೇರ್ ಇದೆ. ಆದ್ದರಿಂದ ಮಕ್ಕಳು ಕಲಿತದ್ದು ಪದ ಬದಲಾಯಿಸುವ ವಿದ್ಯೆ. 'ಮರಣ' ಇದ್ದಲ್ಲಿ 'ನಿಧನ', 'ಯುದ್ಧ' ಇದ್ದಲ್ಲಿ 'ಸಮರ'. ಇನ್ನು ಉರ್ದುವಿನಿಂದ ಕನ್ನಡಕ್ಕೆ ತಂದದ್ದನ್ನು ಪದ ಹೋಲಿಸುವ ಯಂತ್ರ ಹೇಗೆ ಹಿಡಿಯಬೇಕು? ಉರ್ದು ಕಾವ್ಯದಲ್ಲಿ ಎರಡು ಪದಗಳಿವೆ: ಸರ್ಕಾ ಅಂದರೆ ಕದ್ದದ್ದು, ತವಾರುದ್ ಅಂದರೆ ಇಬ್ಬರಿಗೆ ಆಕಸ್ಮಿಕವಾಗಿ ಒಂದೇ ಭಾವ ಹೊಳೆದದ್ದು. ಸಿಕ್ಕಿಬಿದ್ದವರೆಲ್ಲ ತವಾರುದ್ ಅನ್ನುತ್ತಾರೆ. ಹೋದ ವರ್ಷ ನನ್ನ ತರಗತಿಯ ಇಬ್ಬರು ಒಂದೇ ಇಸವಿಯನ್ನು ಒಂದೇ ಥರ ತಪ್ಪಾಗಿ ಬರೆದು ತಂದು, ಅದನ್ನೂ ಆಕಸ್ಮಿಕ ಅಂದರು!

ನಾನು ಬಯ್ಯಲಿಲ್ಲ, ಬಯ್ಯುವ ಮುಖ ನನಗಿರಲಿಲ್ಲ. ಸ್ಟೀಲ್ ಡಬ್ಬಿಯ ಕಥೆ ಹೇಳಿದೆ. ಆಮೇಲೆ ರಾಝಿಯ 'ಲೀ' ಬೋರ್ಡ್ ಮೇಲೆ ಬರೆದೆ. ಈಗ ನಮ್ಮಲ್ಲಿ ಪದ್ಧತಿ ಹೀಗಿದೆ: ಎಲ್ಲಿಂದಲೋ ತೆಗೆದುಕೊಂಡ ಮಾತಿನ ಪಕ್ಕ ಬರೆದವರ ಹೆಸರು, ಪುಸ್ತಕ, ಪುಟ. ಬೇರೆ ಭಾಷೆಯಿಂದ ತಂದಿದ್ದರೆ ಅದನ್ನೂ ಹೇಳಬೇಕು. ಸ್ವಂತ ಮಾತಾದರೆ ಅಂಚಿನಲ್ಲಿ 'ನಂದು' ಅಂತ ಬರೆಯಬೇಕು. ಮೊದಲ ವಾರ ಒಬ್ಬ ಹುಡುಗಿ ಆರು ಪುಟ ಬರೆದು ತಂದಳು. ಒಂದೇ ಸಾಲಿನ ಪಕ್ಕ 'ನಂದು' ಇತ್ತು. ಅಳು ಮುಖ ಮಾಡಿಕೊಂಡಿದ್ದಳು. ಆ ಒಂದು ಸಾಲಿನಲ್ಲಿ ಅವಳು ಕೇಳಿದ್ದು, ಮಜೂಸಿಗೆ ಗೊತ್ತಿದ್ದ ಆ ಎರಡು ಪ್ರತಿ ಯಾರ ಹತ್ತಿರ ಇದ್ದವು ಅಂತ. ನನಗೆ ಹೊಳೆಯದೇ ಇದ್ದ ಪ್ರಶ್ನೆ ಅದು.

ಅಜ್ಜನ ಟ್ರಂಕಿನ ವಿಷಯ ಹೇಳಿ ಮುಗಿಸುತ್ತೇನೆ. ಆ ಉರ್ದು ಲೇಖಕರ ಹೆಸರನ್ನು ಈಗಲಾದರೂ ಬರೆಯಬೇಕೆಂದು ಊರಿಗೆ ಹೋದಾಗ ಹುಡುಕಿದೆ. ಮನೆ ಬದಲಾಯಿಸುವಾಗ ಪತ್ರಿಕೆಗಳೆಲ್ಲ ರದ್ದಿಗೆ ಹೋಗಿದ್ದವು. ಆ ಪುಟದ ಕಾತಿಬನ ಅಕ್ಷರ ಕಣ್ಣಮುಂದಿದೆ. ಮೂಲೆಯಲ್ಲಿದ್ದ ಚಹಾ ಕಲೆ, ಹಿಂಬದಿಯ ಸುರ್ಮಾ ಜಾಹೀರಾತು ಎಲ್ಲ ನೆನಪಿದೆ, ಹೆಸರೊಂದು ಬಿಟ್ಟು. ಟ್ರಂಕಿನ ತಳದಲ್ಲಿ ನನ್ನ ಪ್ರಮಾಣಪತ್ರ ಸಿಕ್ಕಿತು. ಅದರಲ್ಲಿ 'ಪ್ರಬಂಧಕಾರರು' ಅನ್ನುವುದರ ಮುಂದೆ ನನ್ನ ಹೆಸರು ಇನ್ನೂ ಚೆನ್ನಾಗಿ ಕಾಣುತ್ತೆ.