ಹಿತ್ತಿಲಿನ ಚರಿತ್ರೆ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಆಡುತ್ತಲೇ ಬಂದಿದ್ದೇವೆ. ಹಿತ್ತಲ ಗಿಡಕ್ಕೆ ಚರಿತ್ರೆಯೂ ಇಲ್ಲವೆಂದು ನಮ್ಮ ವಿದ್ವಾಂಸರು ಭಾವಿಸಿದಂತಿದೆ. ಅರಸರ ಉದ್ಯಾನಗಳನ್ನು ಕುರಿತು ಬರೆದವರುಂಟು. ಬಾಗಲಕೋಟೆಯ ಓಣಿಯೊಂದರಲ್ಲಿ ಬಚ್ಚಲ ನೀರಿಗೆ ಬೆಳೆದ ಮಲ್ಲಿಗೆಯ ಬಳ್ಳಿಯನ್ನು ಕುರಿತು ಬರೆದುದನ್ನು ನಾನು ಓದಿಲ್ಲ. ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಇತಿಹಾಸಕಾರನೂ ಅಲ್ಲ, ತೋಟಗಾರಿಕೆಯ ಪಂಡಿತನೂ ಅಲ್ಲ. ಆದರೆ ಕಣ್ಣೆದುರಿಗೆ ಒಂದು ಹಿತ್ತಿಲು ನೀರಿನಲ್ಲಿ ಮುಳುಗಿದ್ದನ್ನು ಕಂಡವನು. ಈ ಮಾತುಗಳಿಗೆ ಅದೇ ನನ್ನ ಅಧಿಕಾರ.

ಮೊದಲು ಶಬ್ದವನ್ನೇ ನೋಡೋಣ; ಕನ್ನಡ ಮೇಷ್ಟರಿಗೆ ಈ ಚಟ ಬಿಡದು. ‘ಹಿತ್ತಿಲು’ ಎಂದರೆ ಮನೆಯ ಹಿಂಬದಿ. ‘ಇಲ್’ ಎಂಬ ಹಳೆಯ ಮನೆಯ ಮಾತು ಅದರಲ್ಲಿ ಅಡಗಿ ಕುಳಿತಿದೆ. ಅಂಗಳ ಮುಂದಿನದು, ಬಂದವರದು. ಹಿತ್ತಿಲು ಹಿಂದಿನದು, ಮನೆಯವರದು, ಅದರಲ್ಲಿಯೂ ಹೆಂಗಸರದು. ನಮ್ಮ ಸೀಮೆಯ ಸಾಮಾನ್ಯರ ಹೂದೋಟ ಬಹುಕಾಲ ಮನೆಯ ಬೆನ್ನಿಗೇ ಇತ್ತು. ಅದು ಮನೆಯ ಮುಖಕ್ಕೆ ಬಂದುದು ತೀರ ಈಚೆಗೆ.

ಹೂವಿನ ವ್ಯವಹಾರವಾದರೋ ಇಲ್ಲಿ ಬಹಳ ಹಳೆಯದು. ಬಾದಾಮಿಯ ಮೂರನೆಯ ಗುಹೆ ಸಿದ್ಧವಾದುದು ಕ್ರಿ.ಶ. 578ರಲ್ಲಿ. ಅಲ್ಲಿರುವ ಮಂಗಲೇಶನ ಕನ್ನಡ ಶಾಸನ ನಮ್ಮ ಭಾಷೆಯ ಅತಿ ಪ್ರಾಚೀನ ಬರಹಗಳಲ್ಲಿ ಒಂದು. ಗುಹಾಲಯವನ್ನು ಅದು ‘ಕಲ್ಮನೆ’ ಎಂದು ಕರೆಯುತ್ತದೆ. ಎಷ್ಟು ಚೆಲುವಾದ ಮಾತು! ಅದೇ ಶಾಸನದಲ್ಲಿ, ದೇವರಿಗೆ ಬಿಟ್ಟ ದತ್ತಿಯ ಜೊತೆಯಲ್ಲಿ, ಮಾಲಾಕಾರರ ಹೆಸರೂ ಬರುತ್ತದೆ. ಅಂದರೆ ಹೂ ಕಟ್ಟುವವರು. ಕನ್ನಡ ಕಲ್ಲಿನ ಮೇಲೆ ಮಾತಾಡಲು ಕಲಿಯುತ್ತಿದ್ದ ಕಾಲಕ್ಕೇ ಹೂವಾಡಿಗನಿಗೂ ಒಂದು ಪಾಲು ಗೊತ್ತಾಗಿತ್ತು. ಕಟ್ಟುವವನಿದ್ದ ಮೇಲೆ ಬೆಳೆಯುವವನೂ ಇದ್ದಿರಲೇಬೇಕು. ಮುಂದಿನ ಶತಮಾನಗಳ ಶಾಸನಗಳಲ್ಲಂತೂ ದೇವಾಲಯಗಳಿಗೆ ಹೂದೋಟ ಬಿಟ್ಟ ಸಂಗತಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ.

ಆ ಗುಹೆ ಕೊರೆದ ಶತಮಾನದಲ್ಲಿಯೇ, ದೂರದ ಉತ್ತರದಲ್ಲಿ, ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟ. ನೆಟ್ಟ ಗಿಡಕ್ಕೆ ಬೇಸಗೆಯಲ್ಲಿ ಬೆಳಗು ಬೈಗು ಎರಡು ಹೊತ್ತು, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರು ಕೊಡಬೇಕೆಂಬುದು ಅವನ ವಿಧಿ. ಮರದಿಂದ ಮರಕ್ಕೆ 20 ಮೊಳ ಉತ್ತಮ, 16 ಮಧ್ಯಮ, 12 ಅಧಮ. ಇಂಥ ಲೋಕವಿದ್ಯೆಗಳನ್ನು ಕನ್ನಡಕ್ಕೆ ತಂದವನು ಲೋಕೋಪಕಾರದ ಚಾವುಂಡರಾಯ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಈತನ ಗ್ರಂಥದ ಕಾಲ ಸುಮಾರು ಕ್ರಿ.ಶ. 1025. ಅಂತರ್ಜಲ ಕಾಣುವ ಬಗೆ, ಗಿಡಮರಗಳ ಆರೈಕೆ, ಅಡುಗೆ, ಸುಗಂಧ, ದನಕರುಗಳ ವೈದ್ಯ ಎಲ್ಲವೂ ಅದರಲ್ಲಿ ಒಟ್ಟಿಗೆ ಬಂದಿವೆ. ಗೃಹಸ್ಥನ ಮನೆಯೊಂದರ ಬಾವಿಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಡುಗೆಮನೆಗೆ ನಡೆದುಹೋದಂತಿದೆ ಆ ಪುಸ್ತಕದ ನಡೆ. ಅದೇ ಜಯಸಿಂಹನ ಸೋದರಿ ಅಕ್ಕಾದೇವಿ ನಮ್ಮ ಕಿಸುಕಾಡು ನಾಡನ್ನು ಆಳಿದವಳು. ಹುನಗುಂದದ ಕಡೆಯ ಅರಸೀಬೀದಿಯೇ ಅವಳ ವಿಕ್ರಮಪುರ. ಅಲ್ಲಿಯ ಹಾಳುಬಿದ್ದ ದೊಡ್ಡ ಕೆರೆಯ ಏರಿಯ ಮೇಲೆ ನಿಂತರೆ, ಈ ಒಣನಾಡಿನಲ್ಲಿ ಆಳುವುದೆಂದರೆ ಮೊದಲು ನೀರು ಹಿಡಿಯುವುದೆಂಬುದು ತಾನೇ ತಿಳಿಯುತ್ತದೆ.

ಒಣನಾಡು ಎಂದೆ. ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ ಮಳೆ; ಅದೂ ಮಿರಗದಲ್ಲಿ ಮುಖ ತೋರಿಸಿ, ನಡುವೆ ಮುನಿಸಿಕೊಂಡು, ಉತ್ತರಿ ಹಸ್ತಿಗಳ ಕಾಲಕ್ಕೆ ಒಮ್ಮೆಲೆ ಸುರಿಯುವಂಥದು. ಹುನಗುಂದದ ಎರೆಭೂಮಿ ಬೇಸಗೆಯಲ್ಲಿ ಬಿರಿದು ಗಿಡದ ಬೇರನ್ನೇ ಹರಿಯುತ್ತದೆ. ಅದೇ ಮಣ್ಣು ಸೆಪ್ಟೆಂಬರಿನಲ್ಲಿ ನೀರು ಹಿಡಿದು ಬೇರನ್ನು ಕೊಳೆಯಿಸುತ್ತದೆ. ಬಾದಾಮಿಯ ಕೆಂಗಲ್ಲಿನ ಉಸುಕು ಮಣ್ಣು ಕೊಟ್ಟ ನೀರನ್ನು ಹಿಡಿದಿಡುವುದಿಲ್ಲ. ನಮ್ಮ ಹಳೆಯ ಬಾಗಲಕೋಟೆಯ ಮನೆಯಲ್ಲಿ ಮಲ್ಲಿಗೆಯ ಗುಂಡಿಗೆ ಎರೆಯನ್ನೂ ಮಸಾರಿಯನ್ನೂ ಬೆರೆಸಿ ತುಂಬುವ ರೂಢಿಯಿತ್ತು. ಬೇಸಗೆ ಬರುವ ಮೊದಲು ಬುಡ ಕೆದರಿ, ಬಿರುಕು ಮುಚ್ಚಿ, ಮೇಲೆ ತರಗೆಲೆಯನ್ನೂ ಜೋಳದ ಕೂಳೆಯನ್ನೂ ಹರಡುತ್ತಿದ್ದರು.

ನೀರೆಂದರೆ ಬಚ್ಚಲ ನೀರು. ಕುಡಿಯುವ ನೀರನ್ನು ಕೊಡದಿಂದ ಹೊರುವ ಊರಿನಲ್ಲಿ ಗಿಡಕ್ಕೆ ಬೇರೆ ನೀರು ಎಲ್ಲಿಂದ ಬರಬೇಕು? ಮಿಂದ ನೀರು ಕಲ್ಲಿನ ಕಾಲುವೆಯಲ್ಲಿ ಹರಿದು ಮೊದಲು ಬಾಳೆಗೆ, ಬಾಳೆಯಿಂದ ಕರಿಬೇವಿಗೆ, ಕೊನೆಗೆ ನುಗ್ಗೆಯ ಬುಡಕ್ಕೆ ಸೇರುತ್ತಿತ್ತು. ಸೀಗೆಕಾಯಿ, ಕಡಲೆಹಿಟ್ಟುಗಳ ಕಾಲದ ಆ ನೀರನ್ನು ಗಿಡಗಳು ಮೆಚ್ಚುತ್ತಿದ್ದವು. ಇಂದಿನ ಸಾಬೂನು ಪುಡಿಯ ನೀರನ್ನು ಅದರಂತೆ ಬಿಟ್ಟು ಬಾಳೆಯ ಎಲೆ ಸುಟ್ಟುಕೊಂಡ ಅನುಭವ ನನಗುಂಟು.

ಅವ್ವನ ಪಂಚಾಂಗದಲ್ಲಿ ಮಲ್ಲಿಗೆಗೆ ಮಾರ್ಗಶಿರ ಉಪವಾಸದ ತಿಂಗಳು. ನೀರು ನಿಲ್ಲಿಸಿ, ಎಲೆ ಉದುರಿಸಿ, ಬಳ್ಳಿಯನ್ನು ಮೊಳದುದ್ದ ಬಿಟ್ಟು ಕತ್ತರಿಸುತ್ತಿದ್ದಳು. ಹುಡುಗನಾಗಿದ್ದ ನಾನು ಕನಿಕರಪಟ್ಟು ಕದ್ದು ಒಂದು ತಂಬಿಗೆ ನೀರು ಹಾಕಿದಾಗ ಆಕೆ ಅಂದದ್ದು: “ಗಿಡಕ್ಕ ತುಸು ನೀರಡಿಕಿ ಆಗ್ಲಿ ತಮ್ಮಾ. ಇಲ್ಲಾಂದ್ರ ಬರೇ ಎಲಿ ಬಿಡತೈತಿ, ಹೂವ ಬಿಡಂಗಿಲ್ಲ.” ಸಂಕ್ರಾಂತಿ ಕಳೆದ ಮೇಲೆ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಯುಗಾದಿಯ ಹೊತ್ತಿಗೆ ಮೊಗ್ಗು. ಶಾವಂತಿಗೆಯದು ಬೇರೆ ಲೆಕ್ಕ: ಹೂ ಮುಗಿದ ಮೇಲೆ ಬುಡಕ್ಕೆ ಕತ್ತರಿಸಿ, ಮರಿಗಳನ್ನು ಬೇಸಗೆಯುದ್ದಕ್ಕೂ ನೆರಳಿನಲ್ಲಿ ಕಾದು, ಆರಿದ್ರೆಯ ಮಳೆಗೆ ನೆಟ್ಟು, ಶ್ರಾವಣದಲ್ಲಿ ಕುಡಿ ಚಿವುಟಬೇಕು. ಆಗ ಅದು ಕವಲೊಡೆದು ದೀಪಾವಳಿಗೆ ತುಂಬಿ ನಿಲ್ಲುತ್ತದೆ. ರಾತ್ರಿ ದೀರ್ಘವಾದಂತೆ ಅರಳುವ ಜಾತಿ ಅದೆಂದು ಸಸ್ಯಶಾಸ್ತ್ರ ಹೇಳುತ್ತದೆ. ಅವ್ವನಿಗೆ ಆ ಶಾಸ್ತ್ರ ತಿಳಿಯದು, ತಿಥಿ ತಿಳಿದಿತ್ತು. ಹೀರೆ, ತೊಂಡೆ, ಅವರೆಗಳು ಮಾಳಿಗೆಗೆ ಹಬ್ಬುತ್ತಿದ್ದವು. ಬನದ ಹುಣ್ಣಿಮೆಯ ಮುನ್ನಾದಿನ ಬಾದಾಮಿಯ ಬನಶಂಕರಿಗೆ ಪಲ್ಯೇದ ಹಬ್ಬ. 108 ಬಗೆಯ ಪಲ್ಯಗಳ ನೈವೇದ್ಯ. ಶಾಕಂಬರಿ ಎಂಬ ಹೆಸರಿನ ಆ ದೇವಿಯನ್ನು ನಮ್ಮ ಹಿತ್ತಿಲುಗಳ ಒಡತಿ ಎಂದರೆ ತಪ್ಪಾಗದು.

ಇಳಕಲ್ಲಿನಲ್ಲಿ ಇಷ್ಟೂ ಜಾಗವಿಲ್ಲ. ಕುಣಿಮಗ್ಗವೇ ಮನೆಯ ಅರ್ಧವನ್ನು ನುಂಗಿದ ನೇಕಾರರ ಓಣಿಗಳಲ್ಲಿ ಒಂದು ತುಳಸಿ, ಡಬ್ಬಿಯಲ್ಲೊಂದು ಅಬ್ಬಲಿ ಇದ್ದರೆ ಅದೇ ತೋಟ. ಆದರೆ ಇಳಕಲ್ ಸೀರೆಯ ಮೇಲೆ ಹಾಕುವ ಕಸೂತಿಯಲ್ಲಿ ಗೋಪುರ, ತೇರು, ಆನೆಗಳ ನಡುವೆ ತುಳಸಿ ಕಟ್ಟೆಯೂ ಇರುತ್ತದೆ. ನೆಲದಲ್ಲಿ ಸ್ಥಳ ಸಿಗದ ವೃಂದಾವನ ಸೆರಗಿನಲ್ಲಿ ಸ್ಥಳ ಹಿಡಿದಿದೆ.

ಇನ್ನು ಹುಲ್ಲುಹಾಸು. ಇದು ಆಂಗ್ಲರ ಬಂಗಲೆಗಳ ಜೊತೆ ನಮ್ಮ ಕಡೆಗೆ ಬಂದ ಸಂಪ್ರದಾಯ. ಇದರ ಸೊಗಸಾದ ವಿಡಂಬನೆಯೆಂದರೆ, ನಮ್ಮ ಬಿಸಿಲಿಗೆ ತಾಳುವ ಹಾಸು ಹುಲ್ಲು ಬೇರೆ ಯಾವುದೂ ಅಲ್ಲ, ಕರಿಕೆಯೇ! ಗಣಪತಿಗೆ ಪ್ರಿಯವಾದ ದೂರ್ವೆ. ಎರೆಹೊಲದ ರೈತನಿಗೆ ಮಾತ್ರ ಹುಟ್ಟುಶತ್ರು. ಆಳವಾಗಿ ಅಗೆದು, ಬೇರು ಆರಿಸಿ, ಸುಟ್ಟರೂ ಮತ್ತೆ ಚಿಗುರುವ ಈ ಕಳೆಯನ್ನು ಅಪ್ಪ ಹೊಲದಿಂದ ಕಿತ್ತ, ಮಗ ಅಂಗಳದಲ್ಲಿ ಹಣ ಕೊಟ್ಟು ನೆಡಿಸಿದ. ಮಳೆಗಾಲದಲ್ಲಿ ಅದರ ತುಂಡುಗಳನ್ನು ಗೇಣಿಗಿಂತ ಹತ್ತಿರವಾಗಿ ಊರಿದರೆ ಸಾಕು. ಬೇವಿನ ನೆರಳು ಮಾತ್ರ ಅದಕ್ಕೆ ಸೇರದು. ಬೇಸಗೆಯಲ್ಲಿ ಹಳದಿಯಾದರೆ ಸತ್ತಿತೆಂದು ಗಾಬರಿಗೊಂಡು ನಲ್ಲಿ ತಿರುಗಿಸುವವರನ್ನು ದಿನವೂ ಕಾಣುತ್ತೇನೆ. ಅದು ಸತ್ತಿಲ್ಲ, ಮಲಗಿದೆ. ಮೊದಲ ಮಳೆ ಬಿದ್ದು ವಾರ ಕಳೆಯುವುದರೊಳಗೆ ಏಳುತ್ತದೆ.

ನಲ್ಲಿಯ ಮಾತು ಬಂದುದರಿಂದ ನಮ್ಮ ಊರಿನ ಕಥೆಗೆ ಬರಬೇಕು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟುದು 1964ರಲ್ಲಿ, 519.60 ಮೀಟರಿನವರೆಗೆ ನೀರು ನಿಲ್ಲಿಸಲು ಸರ್ವೋಚ್ಚ ನ್ಯಾಯಾಲಯ ಒಪ್ಪಿದುದು 2000ದಲ್ಲಿ. ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಬಹುಭಾಗ ಹಿನ್ನೀರಿನ ಪಾಲಾಯಿತು. ನಾವು ನವನಗರಕ್ಕೆ ಬಂದೆವು. ಪರಿಹಾರಕ್ಕಾಗಿ ಮನೆ ಅಳೆಯಲು ಬಂದವರು ಗೋಡೆ ಬರೆದರು, ತೊಲೆ ಬರೆದರು, ನುಗ್ಗೆ ಒಂದು, ತೆಂಗು ಒಂದು ಎಂದು ಬರೆದರು. ಅವ್ವ ಮಲ್ಲಿಗೆಯನ್ನು ತೋರಿಸಿದಳು. ಅದಕ್ಕೆ ಕಾಲಮು ಇರಲಿಲ್ಲ. ಆ ಮನುಷ್ಯ ಒಳ್ಳೆಯವನೇ. ಲೇಖನಿ ಹಿಡಿದುಕೊಂಡೇ ತುಸು ಹೊತ್ತು ನಿಂತು, ಮುಂದಿನ ಮನೆಗೆ ಹೋದ. ಒಂದೇ ಒಂದು ಬಳ್ಳಿಯ ಗೆಣ್ಣುಗಳನ್ನು ಎಣ್ಣೆಯ ಡಬ್ಬಿಯಲ್ಲಿ ಊರಿ ಹೊಸ ಮನೆಗೆ ತಂದೆವು. ಹೊಸ ಮನೆಗೆ ಮುಂದೆ ಜಾಗವಿತ್ತು, ಹಿಂದೆ ಇರಲಿಲ್ಲ. ಬಚ್ಚಲ ನೀರು ನೇರವಾಗಿ ನೆಲದೊಳಗಿನ ಕೊಳವೆಗೆ. ಹಿತ್ತಿಲೆಂಬುದು ಹೀಗೆ, ಯಾರೂ ತೆಗೆದುಹಾಕದೆ, ನಕ್ಷೆಯಲ್ಲಿಯೇ ಇಲ್ಲವಾಯಿತು. 2008ರಲ್ಲಿ ಇದೇ ಊರಿಗೆ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದಿತು. ಉದ್ಯಾನಗಿರಿ ಎಂಬ ಅದರ ಆವರಣದ ಹೆಸರನ್ನು ಕೇಳಿದಾಗಲೆಲ್ಲ ನನಗೆ ಆ ಡಬ್ಬಿ ನೆನಪಾಗುತ್ತದೆ.

ಅವ್ವ ಹೊಸ ಮನೆಯಲ್ಲಿ ಬಚ್ಚಲ ಗೋಡೆಗೆ ಒಂದು ತೂತು ಕೊರೆಯಿಸಿದಳು. ಗಾರೆಯವನು ನಕ್ಕ, ನಾನೂ ನಕ್ಕೆ. ಆ ತೂತಿನ ನೀರಿಗೇ ಇಂದಿಗೂ ಮಲ್ಲಿಗೆ ಬದುಕಿದೆ, ಅವ್ವ ಇಲ್ಲ. ಹೋದ ವರ್ಷ ಏಪ್ರಿಲಿನಲ್ಲಿ ಹಿನ್ನೀರು ಇಳಿದಾಗ ಹಳೆಯ ಓಣಿಯ ಕಡೆಗೆ ಹೋಗಿದ್ದೆ. ಗೋಡೆಗಳ ಗುರುತಿಲ್ಲ. ಒಣಗಿದ ಕೆಸರಿನಲ್ಲಿ ಬಟ್ಟೆ ಒಗೆಯುವ ಕಲ್ಲೊಂದು ಓರೆಯಾಗಿ ಬಿದ್ದಿತ್ತು. ನಮ್ಮದೇ, ಅದರ ಒಂದು ಮೂಲೆ ಮೊದಲೇ ಒಡೆದಿತ್ತು. ಕಲ್ಲಿನ ಬುಡದಲ್ಲಿ ಆಗಲೇ ಕರಿಕೆ ಹಬ್ಬಿತ್ತು.